ಗೋಷ್ಠೀವಿನೋದಗಳು

ನಾಲ್ಕು ಮಂದಿ ಸೇರಿದ ಎಡೆಯಲ್ಲಿ ಮೊದಲನೆಯ ಮಾತನ್ನು ಯಾರು ಆಡತಕ್ಕದ್ದೆಂಬ ಸಂದಿಗ್ಧವು ಬಹು ಹಳೆಯದು. ಬಹುಕಾಲದ ಮೇಲೆ ಕಂಡ ಸ್ನೇಹಿತರಲ್ಲಿಯೂ, ಆಗತಾನೇ ನಂಟರಾದ ಬೀಗರಲ್ಲಿಯೂ, ಒಂದು ಬಗೆಯ ಬಿಗುಮಾನವು ನಡುವೆ ಬಂದು ಕುಳಿತುಬಿಡುವುದುಂಟು. ಕುಶಲಪ್ರಶ್ನೆ ಮುಗಿಯುತ್ತದೆ, ಮಳೆಬೆಳೆಯ ಮಾತು ಮುಗಿಯುತ್ತದೆ. ಆ ಬಳಿಕ ಎಲ್ಲರೂ ತಾಂಬೂಲದ ತಟ್ಟೆಯನ್ನೇ ನೋಡುತ್ತ ಕೂಡುತ್ತಾರೆ. ಈ ಬಿಗುವನ್ನು ಸಡಿಲಿಸುವುದಕ್ಕಾಗಿ ನಮ್ಮ ಹಿರಿಯರು ನಾನಾ ಬಗೆಯ ವಿನೋದಗಳನ್ನು ಕಲ್ಪಿಸಿಕೊಂಡಿದ್ದರು. ಈಚೆಗೆ ದೇಶಾಂತರಗಳಲ್ಲಿ ಚೆದುರಿದ ಸ್ನೇಹಿತರು ಕೈಯೊಳಗಿನ ಫೋನಿನ ತೆರೆಯ ಮೇಲೆ ಒಂದೇ ಹೊತ್ತಿನಲ್ಲಿ ಸೇರುವ ಪದ್ಧತಿಯು ಬಂದಿದೆ. ನಮ್ಮ ಕೋರದಂತಹ ಹೋಬಳಿಯ ಊರಿನಲ್ಲಿಯೂ ಅದು ಈಗ ಹೊಸದಲ್ಲ. ಆ ಕೂಟಗಳಲ್ಲಿ ಮೊದಲ ಐದು ನಿಮಿಷದ ಮೌನವನ್ನು ಕಳೆಯಲು ಯಾವ ಆಟವನ್ನು ಆಡಬೇಕೆಂದು ನನ್ನ ಮೊಮ್ಮಗಳು ಒಮ್ಮೆ ಕೇಳಿದಳು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ ಕೆಲವು ಹಳೆಯ ಸಂಗತಿಗಳನ್ನೂ, ಅವುಗಳ ಜೊತೆಗೆ ನನ್ನದೇ ಒಂದು ತಪ್ಪನ್ನೂ, ವಾಚಕರ ಮುಂದೆ ಇಡುತ್ತಿದ್ದೇನೆ.

ಗೋಷ್ಠಿಯೆಂಬುದರ ಲಕ್ಷಣವನ್ನು ವಿವರವಾಗಿ ಹೇಳಿದವನು ವಾತ್ಸ್ಯಾಯನನು. ಅವನ ಗ್ರಂಥದ ಹೆಸರನ್ನು ಕೇಳಿ ಹುಬ್ಬೇರಿಸುವವರು ಅದರ ಮೊದಲನೆಯ ಅಧಿಕರಣವನ್ನು ಓದಿದವರಲ್ಲ. ಅಲ್ಲಿರುವುದು ಪಟ್ಟಣಿಗನಾದ ಸಭ್ಯಗೃಹಸ್ಥನ ದಿನಚರಿ. ವಿದ್ಯೆ, ಬುದ್ಧಿ, ಶೀಲ, ಧನ, ವಯಸ್ಸು ಇವುಗಳಲ್ಲಿ ಸಮಾನರಾದವರು ಒಂದೆಡೆ ಕುಳಿತು ತಕ್ಕ ಸಲ್ಲಾಪಗಳಲ್ಲಿ ತೊಡಗುವುದೇ ಗೋಷ್ಠಿಯೆಂದೂ, ಅಲ್ಲಿ ಕಾವ್ಯಸಮಸ್ಯೆಯೋ ಕಲಾಸಮಸ್ಯೆಯೋ ನಡೆಯಬೇಕೆಂದೂ ಅವನು ಹೇಳುತ್ತಾನೆ. ಕೇವಲ ಸಂಸ್ಕೃತದಲ್ಲಿಯೇ ಮಾತನಾಡುವವನೂ, ಕೇವಲ ದೇಶಭಾಷೆಯಲ್ಲಿಯೇ ಮಾತನಾಡುವವನೂ ಗೋಷ್ಠಿಗೆ ಒಗ್ಗುವುದಿಲ್ಲ, ಎರಡನ್ನೂ ಹದವಾಗಿ ಬೆರೆಸಿದವನೇ ಬಹುಮಾನ್ಯನೆಂದು ಅವನ ಅಭಿಪ್ರಾಯ. ಪರಹಿಂಸೆಯೇ ಕೆಲಸವಾಗಿರುವ ಗೋಷ್ಠಿಗೆ ತಿಳಿದವನು ಕಾಲಿಡಬಾರದೆಂದೂ ಎಚ್ಚರಿಸುತ್ತಾನೆ. ಅವನು ಎಣಿಸಿರುವ ಅರುವತ್ತುನಾಲ್ಕು ಕಲೆಗಳಲ್ಲಿ ಗೋಷ್ಠಿಗೆ ಸಲ್ಲುವಂಥವು ಎಷ್ಟಿವೆ ನೋಡಿ: ಪ್ರಹೇಲಿಕೆ, ಎಂದರೆ ಒಗಟು, ಪ್ರತಿಮಾಲೆ, ಇದನ್ನು ವ್ಯಾಖ್ಯಾನಕಾರನಾದ ಯಶೋಧರನು ಅಂತ್ಯಾಕ್ಷರಿಯೆಂದೇ ವಿವರಿಸಿದ್ದಾನೆ, ನಾಲಗೆ ತೊಡರುವ ಮಾತುಗಳನ್ನು ಹೇಳಿಸುವ ದುರ್ವಾಚಕಯೋಗ, ಪದ್ಯದ ಒಂದು ಪಾದವನ್ನು ಕೊಟ್ಟು ಉಳಿದುದನ್ನು ತುಂಬಿಸುವ ಸಮಸ್ಯಾಪೂರಣ, ಅಕ್ಷರಗಳನ್ನು ಅದಲುಬದಲು ಮಾಡಿ ಆಡುವ ಗುಟ್ಟಿನ ಭಾಷೆ. ತರೀಕೆರೆಯ ಏರಿಯ ಮೇಲಿನ ಕರಿಯ ಕುರಿಮರಿಗಳನ್ನು ಎಣಿಸಲು ಹೋಗಿ ನಾಲಗೆ ಹೊರಳದೆ ನಗೆಗೀಡಾದ ಕನ್ನಡದ ಮಕ್ಕಳೂ, ಪ್ರತಿಯೊಂದು ಅಕ್ಷರದ ಹಿಂದೆ ಮತ್ತೊಂದನ್ನು ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತನಾಡಿಕೊಂಡ ಮಕ್ಕಳೂ, ತಮಗೆ ತಿಳಿಯದೆಯೇ ಈ ಕಲೆಗಳಲ್ಲಿ ಎರಡನ್ನು ಅಭ್ಯಾಸಮಾಡಿದವರೇ ಸರಿ.

ಬಾಣಭಟ್ಟನು ಹರ್ಷವರ್ಧನನ (ಕ್ರಿ. ಶ. ೬೦೬–೬೪೭) ಆಸ್ಥಾನದವನು. ಅವನ ಕಾದಂಬರಿಯ ಮೊದಲಲ್ಲಿಯೇ ಬರುವ ಶೂದ್ರಕರಾಜನು ಹೊತ್ತು ಕಳೆಯುತ್ತಿದ್ದ ಬಗೆಯನ್ನು ಹೇಳುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತೀ, ಗೂಢಚತುರ್ಥಪಾದ, ಪ್ರಹೇಲಿಕೆ ಎಂಬ ಹೆಸರುಗಳು ಬರುತ್ತವೆ. ಇದೇ ಕಥೆಯನ್ನು ನಾಗವರ್ಮನು ಹತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡಕ್ಕೆ ತಂದನು. ಹೆಸರುಗಳು ಭಾರವಾಗಿದ್ದರೂ ಆಟಗಳು ಹಗುರವಾದವು. ನಗರವೆಂಬ ಪದದಿಂದ ನಡುವಿನ ಅಕ್ಷರವನ್ನು ಕಿತ್ತರೆ ನರನು ಉಳಿಯುತ್ತಾನೆ, ಕವಡೆಯಿಂದ ಕಿತ್ತರೆ ಕಡೆ ಉಳಿಯುತ್ತದೆ: ಇದು ಅಕ್ಷರಚ್ಯುತಕದ ಜಾತಿ. ಕಾವಿಯ ದೀರ್ಘವನ್ನು ತೆಗೆದರೆ ಕವಿಯಾಗುತ್ತದೆ: ಇದು ಮಾತ್ರಾಚ್ಯುತಕ. (ಕವಿಗೆ ದೀರ್ಘವನ್ನು ಕೊಟ್ಟು ಕಾವಿಯನ್ನು ಉಡಿಸಬೇಕೆಂದು ತೋರುವ ಸಂದರ್ಭಗಳೂ ಇಲ್ಲದಿಲ್ಲ.) ಬಿಂದುಮತಿಯಂತೂ ಬಹು ಸ್ವಾರಸ್ಯವಾದುದು. ಪದ್ಯದ ವ್ಯಂಜನಗಳನ್ನೆಲ್ಲ ಅಳಿಸಿ ಅವುಗಳ ಎಡೆಯಲ್ಲಿ ಬರಿಯ ಚುಕ್ಕೆಗಳನ್ನಿಟ್ಟು, ಸ್ವರಚಿಹ್ನೆಗಳನ್ನು ಮಾತ್ರ ಉಳಿಸಿ, ಪದ್ಯವಾವುದೆಂದು ಕೇಳುವುದು. ಇಂದು ಹುಡುಗರು ಫೋನಿನಲ್ಲಿ ಖಾಲಿ ಮನೆಗಳನ್ನು ತುಂಬಿ ಪದವನ್ನು ಊಹಿಸುವ ಆಟಕ್ಕೂ ಇದಕ್ಕೂ ದೂರದ ನಂಟಸ್ತಿಕೆಯಿದೆಯೆಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯಲಾರೆ.

ಈ ಒಗಟುಗಳಿಂದ ಪ್ರಯೋಜನವೇನೆಂಬುದನ್ನು ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾನೆ. ಆಟದ ಗೋಷ್ಠಿಗಳಲ್ಲಿ ವಿನೋದಕ್ಕೆ, ಗುಂಪಿನ ನಡುವೆ ತಿಳಿದವರು ತಮ್ಮತಮ್ಮಲ್ಲಿ ಗುಟ್ಟಾಗಿ ಮಾತನಾಡಿಕೊಳ್ಳುವುದಕ್ಕೆ, ಪರರನ್ನು ಮರುಳುಗೊಳಿಸಿ ದಿಕ್ಕೆಡಿಸುವುದಕ್ಕೆ ಎಂದು ಮೂರು. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆನು. ಮೊದಲನೆಯ ಪ್ರಯೋಜನಕ್ಕೂ ಮೂರನೆಯದಕ್ಕೂ ಇರುವ ಅಂತರವು ತಿಳಿಯಲು ನನಗೆ ನಲವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು; ಆ ಸಂಗತಿ ಮುಂದೆ ಬರುತ್ತದೆ.

ಕನ್ನಡನಾಡಿನ ದೊರೆಗಳಲ್ಲಿ ಈ ವಿಷಯವನ್ನು ಶಾಸ್ತ್ರದಂತೆ ಬರೆದವನು ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು. ೧೧೨೯ರಲ್ಲಿ ರಚಿತವಾದ ಅವನ ಮಾನಸೋಲ್ಲಾಸವು ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಕ್ತವಾಗಿದೆ. ನಾಲ್ಕನೆಯದು ವಿನೋದವಿಂಶತಿ, ಐದನೆಯದು ಕ್ರೀಡಾವಿಂಶತಿ. ಎಂದರೆ ರಾಜ್ಯಸಂಪಾದನೆ, ರಾಜ್ಯಸ್ಥಿರೀಕರಣ ಮೊದಲಾದುವಕ್ಕೆ ಎಷ್ಟು ಅಧ್ಯಾಯಗಳೋ ಆಟಪಾಟಗಳಿಗೂ ಅದಕ್ಕೆ ಕಡಮೆಯಿಲ್ಲ. ವನಕ್ರೀಡೆ, ಉಯ್ಯಾಲೆ, ನೀರಾಟ, ಮರಳಿನ ಆಟ, ಬೆಳುದಿಂಗಳ ಆಟಗಳ ಸಾಲಿನಲ್ಲಿ ಪ್ರಹೇಲಿಕಾಕ್ರೀಡೆಗೂ, ಚದುರಂಗಕ್ಕೂ, ಪಗಡೆಗೂ, ಕವಡೆಗೂ ಒಂದೊಂದು ಅಧ್ಯಾಯವಿದೆ. ಆಳುವವನಿಗೆ ಆಟವೂ ಕಲಿಯತಕ್ಕ ವಿದ್ಯೆಯೆಂಬ ಗೌರವಭಾವನೆಯು ಇದರಲ್ಲಿ ಕಾಣುತ್ತದೆ.

ಇವನಿಗಿಂತ ಸುಮಾರು ಎರಡು ಶತಮಾನ ಹಿಂದಿನವನಾದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಯ ದಿನಚರಿಯನ್ನು ಬರೆಯುತ್ತ, ಊಟವಾದ ಮೇಲೆ ಕಾವ್ಯಗೋಷ್ಠಿ ನಡೆಯಬೇಕು, ಪ್ರಶ್ನೋತ್ತರಗಳನ್ನು ಬಿಡಿಸಬೇಕು ಎಂದಿದ್ದಾನೆ. ರಾಜಸಭೆಗೆ ಹದಿನಾರು ಕಂಬ, ನಾಲ್ಕು ಬಾಗಿಲು. ಉತ್ತರಕ್ಕೆ ಸಂಸ್ಕೃತಕವಿಗಳು, ಪೂರ್ವಕ್ಕೆ ಪ್ರಾಕೃತಕವಿಗಳು, ಪಶ್ಚಿಮಕ್ಕೆ ಅಪಭ್ರಂಶಕವಿಗಳು, ದಕ್ಷಿಣಕ್ಕೆ ಭೂತಭಾಷೆಯವರು. ನಟರು ಯಾರ ಬೆನ್ನಿಗೆ, ಅಕ್ಕಸಾಲಿಗರು ಬಡಗಿಗಳು ಯಾರ ಬೆನ್ನಿಗೆ ಕೂಡಬೇಕೆಂಬುದೂ ನಿಶ್ಚಿತವಾಗಿದೆ. ಒಬ್ಬೊಬ್ಬನಿಗೂ ಒಂದೊಂದು ಜಾಗ. ಕುಳಿತ ದಿಕ್ಕಿನಿಂದಲೇ ಅವನ ಯೋಗ್ಯತೆಯು ತಿಳಿಯಬೇಕು.

ಸಮಸ್ಯಾಪೂರಣವೆಂದೊಡನೆ ಭೋಜನ ಸಭೆಯೂ ಕಾಳಿದಾಸನೂ ಎಲ್ಲರಿಗೂ ನೆನಪಾಗುತ್ತಾರೆ. ಭೋಜನು ಹನ್ನೊಂದನೆಯ ಶತಮಾನದವನು, ಕಾಳಿದಾಸನು ಅವನಿಗೆ ಎಷ್ಟೋ ನೂರು ವರ್ಷ ಹಿಂದಿನವನು. ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂಡಿಸಿದವನು ಹದಿನಾರನೆಯ ಶತಮಾನದ ಬಲ್ಲಾಳನು. ಚರಿತ್ರೆಗೆ ಇದು ಸಲ್ಲದು, ಗೋಷ್ಠಿಗೆ ಸಲ್ಲುತ್ತದೆ. ನಮ್ಮ ಕನ್ನಡದಲ್ಲಿ ಕಂತಿಹಂಪರ ಸಮಸ್ಯೆಗಳೆಂಬುವು ಪ್ರಸಿದ್ಧವಾಗಿವೆ. ಅಭಿನವಪಂಪನೆನಿಸಿದ ನಾಗಚಂದ್ರನು ಪ್ರಶ್ನೆಯ ಪಾದವನ್ನು ಒಡ್ಡಿದಂತೆಯೂ, ಜೈನಕವಯಿತ್ರಿಯಾದ ಕಂತಿಯು ಅದನ್ನು ತುಂಬಿದಂತೆಯೂ ಅವು ಇವೆ. ಅವಳ ಬಾಯಿಂದ ತನ್ನ ಹೊಗಳಿಕೆಯನ್ನು ಕೇಳಬೇಕೆಂಬ ಆಸೆಯಿಂದ ಪಂಪನು ಸತ್ತಂತೆ ನಟಿಸಿದನೆಂದೂ, ಅವಳು ಅತ್ತು ಹೊಗಳಿದೊಡನೆ ಎದ್ದು ಕುಳಿತನೆಂದೂ ಒಂದು ಕಥೆಯುಂಟು. ಕಂತಿಯು ಚಾರಿತ್ರಿಕವ್ಯಕ್ತಿಯೇ ಎಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿದೆ. ಆದರೂ ವಿದ್ವತ್ಸಭೆಯಲ್ಲಿ ಹೆಂಗಸೊಬ್ಬಳು ಗಂಡಸಿನ ಸವಾಲಿಗೆ ಸರಿಗಟ್ಟಿ ಉತ್ತರಿಸಿದ ಚಿತ್ರವನ್ನು ನಮ್ಮ ಜನರು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿದ್ದಾರಷ್ಟೆ.

ಇದುವರೆಗೆ ಹೇಳಿದ ಗೋಷ್ಠಿಗಳೆಲ್ಲವೂ ಸಮಾನರ ಗೋಷ್ಠಿಗಳೆಂಬುದನ್ನು ವಾಚಕರು ಗಮನಿಸಿರಬಹುದು. ವಿದ್ಯೆಯಲ್ಲಿ ಸಮನಲ್ಲದವನು ಅಲ್ಲಿ ಬಂದರೆ ಏನಾಗುತ್ತದೆ?

ನಾನು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಪಾಡ್ಯ, ಅಷ್ಟಮಿಗಳು ಅನಧ್ಯಯನದ ದಿನಗಳು. ೧೯೭೦ರ ದಶಕದಲ್ಲಿಯೂ ಆ ಪದ್ಧತಿ ಅಲ್ಲಿ ತಪ್ಪಿರಲಿಲ್ಲ. ಅಂದು ಪಾಠವಿಲ್ಲವಾದ್ದರಿಂದ ಸಂಜೆ ಶ್ಲೋಕಾಂತ್ಯಾಕ್ಷರಿ ನಡೆಯುತ್ತಿತ್ತು. ಒಬ್ಬನು ಹೇಳಿದ ಶ್ಲೋಕದ ಕೊನೆಯ ವ್ಯಂಜನದಿಂದ ಮತ್ತೊಬ್ಬನು ಶ್ಲೋಕವನ್ನು ಆರಂಭಿಸಬೇಕು. ಇದರಲ್ಲಿ ಗೆಲ್ಲುವ ಉಪಾಯವು ಹೆಚ್ಚು ಶ್ಲೋಕಗಳನ್ನು ಬಲ್ಲುದರಲ್ಲಿಲ್ಲ. ಎದುರಾಳಿಗೆ ಎಂಥ ಅಕ್ಷರವನ್ನು ಬಿಟ್ಟುಕೊಡಬೇಕೆಂಬುದರಲ್ಲಿದೆ. ರಥ, ಕಥಾ, ಮನೋರಥ ಎಂದು ಥಕಾರದಲ್ಲಿ ಮುಗಿಯುವ ಶ್ಲೋಕಗಳು ಬೇಕಾದಷ್ಟಿವೆ; ಥಕಾರದಿಂದ ಮೊದಲಾಗುವ ಶ್ಲೋಕವೋ, ಹುಡುಕಿದರೂ ಸಿಕ್ಕದು. ಠಕಾರವೂ ಹಾಗೆಯೇ. ನಾನು ಅಂಥವುಗಳನ್ನು ಕೂಡಿಹಾಕಿಕೊಂಡಿದ್ದೆನು. ಹಳ್ಳಿಯಿಂದ ಹೊಸದಾಗಿ ಬಂದು ಸೇರಿದ್ದ ಒಬ್ಬ ಹುಡುಗನಿಗೆ ನೂರು ಶ್ಲೋಕಗಳೂ ಬಾರದಿದ್ದ ಕಾಲದಲ್ಲಿ, ಅವನ ಸರದಿ ಬಂದಾಗಲೆಲ್ಲ, ಒಂದೇ ಸಂಜೆ ಮೂರು ಸಲ, ಥಕಾರವನ್ನು ಕೊಟ್ಟೆನು. ಮೂರನೆಯ ಸಲ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ನಾನೂ ನಕ್ಕೆನು. ಮುಂದಿನ ಅಷ್ಟಮಿಯ ಹೊತ್ತಿಗೆ ಅವನ ಹಾಸಿಗೆ, ಪೆಟ್ಟಿಗೆ ಇದ್ದ ಮೂಲೆಯು ಬರಿದಾಗಿತ್ತು. ಮನೆಯಲ್ಲಿ ತೊಂದರೆಯಂತೆ ಎಂದು ಯಾರೋ ಹೇಳಿದರು. ಹಾಗೆಂದು ನಂಬಿಕೊಂಡೆವು.

ಅದಂತಿರಲಿ. ಶಾಸ್ತ್ರಗ್ರಂಥಗಳಲ್ಲಿ ಹೆಸರಿಲ್ಲದಿದ್ದರೂ ಸಮಾನರಲ್ಲದವರ ನಡುವೆ ಬಿಗುಮಾನವನ್ನು ಮುರಿಯುವ ವಿನೋದಗಳು ನಮ್ಮ ಸೀಮೆಯ ಹಳ್ಳಿಗಳಲ್ಲಿ ಸಮೃದ್ಧಿಯಾಗಿದ್ದುವು. ಹುಣಸೇಹಣ್ಣನ್ನು ಕುಟ್ಟಿ ಬೀಜ ತೆಗೆಯುವಾಗ, ಅವರೆಕಾಯಿ ಸುಲಿಯುವಾಗ, ನೆರೆಮನೆಯವರೂ ಕೂಲಿಯವರೂ ಒಂದೇ ಜಗಲಿಯಲ್ಲಿ ಸೇರುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಒಗಟು. ಒಗಟಿಗೆ ಪುಸ್ತಕದ ಓದು ಬೇಡ. ತೆಂಗಿನಕಾಯಿ, ಒನಕೆ, ಬೀಸುವಕಲ್ಲು, ಜೋಳದ ತೆನೆ, ದೀಪದ ಬತ್ತಿ ಇವನ್ನು ಕಣ್ಣಿಟ್ಟು ನೋಡಿದ್ದರೆ ಸಾಕು. ಆದಕಾರಣ ಜಗಲಿಯ ಗೋಷ್ಠಿಯಲ್ಲಿ ಅಕ್ಷರಬಾರದ ಮುದುಕಿಯು ಶಾನುಭೋಗರ ಮಗನನ್ನು ಸೋಲಿಸುವುದು ದಿನನಿತ್ಯದ ಸಂಗತಿಯಾಗಿತ್ತು. ಸೋತವನು ತನ್ನ ಊರನ್ನೋ ಹಸುವನ್ನೋ ಗೆದ್ದವಳಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಡಬೇಕು, ಆಗ ಉತ್ತರ ಹೊರಬೀಳುವುದು. ಸಾಹಿತ್ಯದಲ್ಲಿ ಇದೇ ಬೇರಿನಿಂದ ಬೆಳೆದ ಕೊಂಬೆಗಳೆಂದರೆ ಅಲ್ಲಮಪ್ರಭುವಿನ ಬೆಡಗಿನ ವಚನಗಳೂ, ಕನಕದಾಸರ ಮುಂಡಿಗೆಗಳೂ. ಅಲ್ಲಿ ವಿನೋದವು ಅಧ್ಯಾತ್ಮಕ್ಕೆ ತಿರುಗಿದುದರಿಂದ ಅದು ಬೇರೆಯೇ ಪ್ರಕರಣ.

ಮದುವೆಮನೆಯ ವಿನೋದಗಳು ಇನ್ನೂ ಉದ್ದೇಶಪೂರ್ವಕವಾದುವು. ಹಿಂದೆ ವಧೂವರರು ಒಬ್ಬರನ್ನೊಬ್ಬರು ಸರಿಯಾಗಿ ನೋಡಿಯೂ ಇರುತ್ತಿರಲಿಲ್ಲ. ಎರಡು ಮನೆತನಗಳಿಗೆ ಪರಸ್ಪರ ಪರಿಚಯವೇ ಅಷ್ಟಕ್ಕಷ್ಟೆ. ಆದುದರಿಂದ ಉರುಟಣೆ, ನೀರಿನ ಪಾತ್ರೆಯೊಳಗಿನ ಉಂಗುರವನ್ನು ಹುಡುಕುವುದು, ಹೂವಿನ ಚೆಂಡಿನ ಆಟ, ಓಕುಳಿ ಎಂಬ ಆಟಗಳು ಶಾಸ್ತ್ರದ ಮರ್ಯಾದೆಯನ್ನೇ ಪಡೆದುಕೊಂಡಿದ್ದುವು. ಗಂಡನ ಹೆಸರನ್ನು ಹೇಳಬಾರದೆಂಬ ಕಟ್ಟುಪಾಡಿದ್ದ ಕಾಲದಲ್ಲಿ ಅದೇ ಹೆಸರನ್ನು ಒಗಟಿನಲ್ಲಿ ಹುದುಗಿಸಿ ಎಲ್ಲರೆದುರಿಗೆ ಹೇಳಿಸುತ್ತಿದ್ದರು. ಉತ್ತರದ ಸೀಮೆಯವರು ಇದನ್ನು ಒಡಪೆನ್ನುತ್ತಾರೆ. ಇನ್ನು ಬೀಗರನ್ನು ಹಾಸ್ಯಮಾಡುವ ಹಾಡುಗಳು! ಗಂಡಿನ ತಾಯಿಯ ನಡಿಗೆ, ಗಂಡಿನ ತಂದೆಯ ಪೇಟ, ಅವರು ಉಂಡ ಲಾಡುಗಳ ಸಂಖ್ಯೆ, ಯಾವುದಕ್ಕೂ ರಿಯಾಯಿತಿಯಿಲ್ಲ. ಹಾಡು ಮುಗಿದ ಮೇಲೆ ಬೀಗಿತ್ತಿಯೇ ಮುನ್ನುಗ್ಗಿ ಮರುಹಾಡು ಹೇಳಿದಳೆಂದರೆ ನಂಟಸ್ತಿಕೆ ಕುದುರಿತೆಂದೇ ಅರ್ಥ. ಮುನಿಸಿಕೊಂಡವರೂ ಇಲ್ಲದಿಲ್ಲ. ಆದರೂ ಗೇಲಿಯು ಎರಡು ಕಡೆಯಿಂದಲೂ ಬರುವಂತೆ ಸರದಿಯಿದ್ದುದರಿಂದ ಅದು ಹೆಚ್ಚಾಗಿ ಗಾಯಮಾಡುತ್ತಿರಲಿಲ್ಲ.

ನಮ್ಮ ಜಿಲ್ಲೆಯ ಮೂಡಲಪಾಯದ ಬಯಲಾಟದಲ್ಲಿಯೂ ಇದೇ ಜಾಣತನವಿದೆ. ರಂಗಕ್ಕೆ ಬಂದ ಪ್ರತಿಯೊಂದು ಪಾತ್ರವನ್ನೂ ಸಾರಥಿಯು ತಡೆದು ನೀನು ಯಾರು, ನಿನ್ನ ಹೆಸರೇನು, ಎಲ್ಲಿಂದ ಬಂದೆ ಎಂದು ಕೇಳುತ್ತಾನೆ. ದುರ್ಯೋಧನನಾದರೂ ಸರಿಯೆ, ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಬೇಕು. ನೋಡುವವರಿಗೆ ಕಥೆ ತಿಳಿದಿದ್ದರೂ ಈ ಪ್ರಶ್ನೋತ್ತರವಿಲ್ಲದೆ ಆಟಕ್ಕೆ ಕಳೆ ಕಟ್ಟುವುದಿಲ್ಲ. ಗುಬ್ಬಿಯ ನಾಟಕ ಕಂಪನಿಯು ೧೮೮೪ರಲ್ಲಿ ಹುಟ್ಟಿದುದು ಇಂಥ ಬಯಲಾಟಗಳ ನೆರೆಯಲ್ಲಿಯೇ. ವೀರಣ್ಣನವರು (೧೮೯೧–೧೯೭೨) ಹಾಸ್ಯಪಾತ್ರಗಳಿಂದಲೇ ಜನಮನವನ್ನು ಸೂರೆಗೊಂಡರೆಂಬುದು ಎಲ್ಲರೂ ಬಲ್ಲ ವಿಷಯ.

ಮಣೆಯ ಆಟಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೧ರಲ್ಲಿ ಆಡಳಿತವು ಬ್ರಿಟಿಷರ ಕೈಗೆ ಹೋದ ಮೇಲೆ ಚದುರಂಗ, ಗಂಜೀಫಾ ಎಲೆಗಳು, ಬಗೆಬಗೆಯ ಪಟಗಳು ಇವುಗಳಲ್ಲಿ ವಿಶೇಷವಾಗಿ ಮನಸ್ಸಿಟ್ಟರು. ಅವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಇಂಥ ಕೌತುಕಗಳಿಗೇ ಮೀಸಲು. ಬಡವರ ಮನೆಯಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆದರೆ ಚೌಕಾಬಾರ ಸಿದ್ಧವಾಗುತ್ತಿತ್ತು. ನಾಲ್ಕು ಕವಡೆಗಳೂ ಮೇಲ್ಮುಖವಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಆಟದ ಹೆಸರೇ ಅದರ ಲೆಕ್ಕ. ಉತ್ತರದೇಶದ ಪಚ್ಚೀಸಿಯು ಸಮುದ್ರ ದಾಟಿ ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಹಕ್ಕುಪತ್ರವನ್ನು ಪಡೆದು, ಬಣ್ಣದ ರಟ್ಟಿನ ಮೇಲೆ ನಮ್ಮ ಅಂಗಡಿಗಳಿಗೆ ಹಿಂದಿರುಗಿತು. ೨೦೧೬ರಲ್ಲಿ ಲೂಡೋ ಕಿಂಗ್ ಆಗಿ ಫೋನಿನೊಳಕ್ಕೆ ಇಳಿಯಿತು. ತೌರುಮನೆಗೆ ಇಷ್ಟು ವೇಷಗಳಲ್ಲಿ ಬಂದ ಮಗಳು ಮತ್ತೊಬ್ಬಳಿಲ್ಲ.

ವಿದ್ವದ್ವಿನೋದವೂ ಅಳಿದುಹೋಗಲಿಲ್ಲ. ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ ಮೊದಲಾದುವನ್ನು ಒಬ್ಬನೇ ಏಕಕಾಲದಲ್ಲಿ ನಿರ್ವಹಿಸುವ ಅವಧಾನವನ್ನು ತೆಲುಗಿನಲ್ಲಿ ತಿರುಪತಿ ವೆಂಕಟಕವಿಗಳು ಮನೆಮಾತಾಗಿಸಿದರು. ಕನ್ನಡದಲ್ಲಿ ಅದಕ್ಕೆ ಮರುಹುಟ್ಟು ಕೊಟ್ಟವರು ಶತಾವಧಾನಿ ಆರ್. ಗಣೇಶರು. ಅವಧಾನದಲ್ಲಿ ಅಪ್ರಸ್ತುತಪ್ರಸಂಗವೆಂಬ ಒಂದು ಅಂಗವಿದೆ. ಪೃಚ್ಛಕನೊಬ್ಬನು ನಡುನಡುವೆ ಸಂಬಂಧವಿಲ್ಲದ ಪ್ರಶ್ನೆಗಳನ್ನು ಕೇಳಿ ಅವಧಾನಿಯ ಚಿತ್ತವನ್ನು ಕದಡಬೇಕು. ಛಂದಸ್ಸನ್ನು ಅರಿಯದ ಸಭಿಕರೂ ಎದ್ದು ಕುಳಿತು ನಗುವುದು ಅಲ್ಲಿಯೇ. ಇಡೀ ಸಭೆಯನ್ನು ಒಂದುಗೂಡಿಸುವ ಅಂಗವೂ ಅದೇ ಎಂದು ನನ್ನ ಭಾವನೆ. ಪದ್ಯಪಾನವೆಂಬ ಅಂತರ್ಜಾಲದ ತಾಣದಲ್ಲಿ ಊರೂರುಗಳ ಪದ್ಯಾಸಕ್ತರು ಸಮಸ್ಯೆಗಳನ್ನು ತುಂಬಿ ಒಬ್ಬರೊಬ್ಬರ ಪದ್ಯಗಳನ್ನು ತಿದ್ದಿಕೊಂಡದ್ದೂ ಈ ಶತಮಾನದಲ್ಲಿಯೇ. ದೂರದರ್ಶನದ ಚಂದನವಾಹಿನಿಯಲ್ಲಿ ೨೦೦೨ರಲ್ಲಿ ಆರಂಭವಾಗಿ ಡಾ. ನಾ. ಸೋಮೇಶ್ವರರು ನಡೆಸಿಕೊಟ್ಟ ಥಟ್ ಅಂತ ಹೇಳಿ ಎಂಬ ಪ್ರಶ್ನೋತ್ತರದಲ್ಲಿ ಬಹುಮಾನವಾಗಿ ಪುಸ್ತಕಗಳನ್ನು ಕೊಡುತ್ತಿದ್ದುದನ್ನು ನೋಡಿ, ಪ್ರಹೇಲಿಕೆಗೆ ಇನ್ನೂ ಮಾನವಿದೆಯೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬನು.

೨೦೨೦ನೆಯ ಮಾರ್ಚಿ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಜಗಲಿಯೂ ಅರಳಿಕಟ್ಟೆಯೂ ಬರಿದಾದುವು. ಜೂಮ್ ಎಂಬ ಸಾಧನದ ಮೂಲಕ ಕೂಡುತ್ತಿದ್ದವರ ದೈನಂದಿನ ಸಂಖ್ಯೆಯು ೨೦೧೯ರ ಡಿಸೆಂಬರಿನಲ್ಲಿ ಒಂದು ಕೋಟಿಯಿದ್ದುದು ೨೦೨೦ರ ಮಾರ್ಚಿಯಲ್ಲಿ ಇಪ್ಪತ್ತು ಕೋಟಿಗೆ ಏರಿತೆಂದು ಆ ಸಂಸ್ಥೆಯವರೇ ಪ್ರಕಟಿಸಿದರು. ಅಮೆರಿಕದ ಕನ್ನಡ ಕೂಟಗಳು ಹಬ್ಬದ ಕೂಟಗಳನ್ನು ತೆರೆಯ ಮೇಲೆ ನಡೆಸಿದುವು. ಪಾಠಶಾಲೆಯ ಸಹಾಧ್ಯಾಯಿಗಳಾದ ನಾವು ಹನ್ನೊಂದು ಮಂದಿಯೂ ಹೀಗೆಯೇ ಸೇರತೊಡಗಿದೆವು. ಒಬ್ಬನು ಮೈಸೂರಿನಲ್ಲಿ, ಒಬ್ಬನು ಪುಣೆಯಲ್ಲಿ, ಇಬ್ಬರು ಗುಬ್ಬಿಯಲ್ಲಿ, ಒಬ್ಬನು ಕುಣಿಗಲ್ಲಿನ ಬಳಿ, ಒಬ್ಬನು ಮಗನ ಮನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ. ನಮಗೆ ಭಾನುವಾರದ ಬೆಳಗಿನ ಏಳು ಗಂಟೆಯಾದರೆ ಅವನಿಗೆ ಶನಿವಾರದ ಸಂಜೆ ಆರೂವರೆ. ಸಂಕಲ್ಪದಲ್ಲಿ ಯಾವ ವಾರವನ್ನು ಹೇಳಬೇಕೆಂಬುದೇ ನಮ್ಮ ಮೊದಲನೆಯ ಚರ್ಚೆಯಾಯಿತು. ಹಣ ಕೊಡದವರ ಸಭೆಯು ನಲವತ್ತು ನಿಮಿಷಕ್ಕೆ, ಎಂದರೆ ಒಂದು ಗಳಿಗೆ ನಲವತ್ತು ವಿಗಳಿಗೆಗೆ, ತಾನಾಗಿ ವಿಸರ್ಜನೆಯಾಗುತ್ತಿತ್ತು. ಎಷ್ಟೋ ಉಪನ್ಯಾಸಸಭೆಗಳಿಗೂ ಈ ನಿಯಮವು ಬಂದರೆ ಒಳ್ಳೆಯದೆಂದು ನನಗೆ ಅನ್ನಿಸಿದುದುಂಟು.

ಈ ಬಗೆಯ ಗೋಷ್ಠಿಗೆ ಎಲ್ಲ ಆಟಗಳೂ ಹೊಂದುವುದಿಲ್ಲವೆಂಬುದು ಬೇಗನೆ ಅನುಭವಕ್ಕೆ ಬಂದಿತು. ಒಟ್ಟಿಗೆ ಭಜನೆ ಮಾಡೋಣವೆಂದು ತೊಡಗಿದೆವು. ಧ್ವನಿಯು ದಾರಿಯಲ್ಲಿ ತಡವಾಗುವುದರಿಂದ ಒಬ್ಬನು ಪಲ್ಲವಿಯಲ್ಲಿದ್ದರೆ ಮತ್ತೊಬ್ಬನು ಚರಣದಲ್ಲಿದ್ದನು. ಎಡಗಡೆಯವನಿಂದ ಸರದಿ ಹಿಡಿಯೋಣವೆಂದರೆ, ಪ್ರತಿಯೊಬ್ಬನ ತೆರೆಯಲ್ಲಿಯೂ ಮುಖಗಳ ಸಾಲು ಬೇರೆಬೇರೆ. ಒಬ್ಬನ ಎಡಗಡೆಯವನು ಮತ್ತೊಬ್ಬನಿಗೆ ಕೆಳಗಡೆ. ರಾಜಶೇಖರನ ದಿಕ್ಕುಗಳೆಲ್ಲ ಇಲ್ಲಿ ನಿರರ್ಥಕ. ಹೆಸರಿನ ಅಕಾರಾದಿಕ್ರಮವನ್ನು ಹಿಡಿದ ಮೇಲೆ ಸುಸೂತ್ರವಾಯಿತು. ಸರದಿಯ ಮೇಲೆ ನಡೆಯುವ ಅಂತ್ಯಾಕ್ಷರಿ, ಒಗಟು, ಮೂಕಾಭಿನಯ ಇವು ಉಳಿದುಕೊಂಡುವು. ಚೌಕಾಬಾರವನ್ನೂ ಒಂದು ಸಲ ಆಡಿದೆವು. ಕವಡೆಯನ್ನು ಒಬ್ಬೊಬ್ಬನೂ ತನ್ನ ಮನೆಯಲ್ಲಿ ಹಾಕಿ ಬಿದ್ದುದನ್ನು ಹೇಳಬೇಕು. ಕ್ಯಾಲಿಫೋರ್ನಿಯದವನಿಗೆ ನಾಲ್ಕು ಸಲ ಮೇಲಿಂದ ಮೇಲೆ ಬಾರವೇ ಬಿದ್ದುದರಿಂದ ಅವನಿಗೆ ಶಕುನಿಯೆಂದು ಹೆಸರಿಟ್ಟು ಆ ಆಟವನ್ನು ನಿಲ್ಲಿಸಿದೆವು.

ಆ ಹನ್ನೊಂದು ಮಂದಿಯಲ್ಲಿ ಹಿಂದೆ ಪಾಠಶಾಲೆಯನ್ನು ಬಿಟ್ಟುಹೋದ ಆ ಹುಡುಗನೂ ಇದ್ದನು. ಗುಬ್ಬಿಯ ಸ್ನೇಹಿತನು ಅವನನ್ನು ಎಲ್ಲಿಂದಲೋ ಹುಡುಕಿ ಕರೆತಂದಿದ್ದನು. ಕೊಬ್ಬರಿಯ ವ್ಯಾಪಾರ ಮಾಡಿ ಸುಖವಾಗಿದ್ದಾನೆಂದು ತಿಳಿಯಿತು. ಮೊದಲನೆಯ ಭಾನುವಾರ ಶ್ಲೋಕಾಂತ್ಯಾಕ್ಷರಿಯಿಂದಲೇ ಆರಂಭವಾಗಲೆಂದು ನಾನೇ ಸೂಚಿಸಿದೆನು. ಅವನ ಚೌಕದಲ್ಲಿ ಮುಖವಿರಲಿಲ್ಲ, ಹೆಸರು ಮಾತ್ರ. ಸರದಿ ಬಂದಾಗ ಶಬ್ದವೂ ಇರಲಿಲ್ಲ. ಹಳ್ಳಿಯಲ್ಲಿ ಸಿಗ್ನಲ್ಲಿನ ತೊಂದರೆಯಿರಬಹುದೆಂದು ಮುಂದಕ್ಕೆ ಹೋದೆವು. ಎರಡನೆಯ ವಾರವೂ ಹಾಗೆಯೇ. ಮನೆಯಲ್ಲಿ ತೊಂದರೆಯಂತೆ ಎಂದು ಹಿಂದೆ ನಂಬಿಕೊಂಡ ಹಾಗೆಯೇ ಇದನ್ನೂ ನಂಬಿಕೊಂಡೆನೆಂಬುದು ಆಗ ಹೊಳೆಯಲಿಲ್ಲ.

ಮೂರನೆಯ ವಾರ ಮೈಸೂರಿನವನ ಮೊಮ್ಮಗಳು ಹತ್ತು ವರ್ಷದ ಹುಡುಗಿಯು ಅಜ್ಜನ ಪಕ್ಕದಲ್ಲಿ ಕುಳಿತಿದ್ದಳು. ತನ್ನ ಶಾಲೆಯ ಗೆಳತಿಯರು ಆಡುವ ಆಟವೊಂದನ್ನು ನಮಗೆ ಹೇಳಿಕೊಟ್ಟಳು. ಕುಳಿತಲ್ಲಿಂದ ಹತ್ತು ಹೆಜ್ಜೆಯೊಳಗೆ ಸಿಕ್ಕುವ ಒಂದು ಹಳೆಯ ವಸ್ತುವನ್ನು ತಂದು ತೋರಿಸಿ ಅದರ ಕಥೆಯನ್ನು ಹೇಳಬೇಕು, ಅಷ್ಟೆ. ಪುಣೆಯವನು ತನ್ನ ಅಮರಕೋಶದ ಪ್ರತಿಯನ್ನು ತಂದನು; ನಾನು ತಂದೆಯವರ ಪಂಚಪಾತ್ರೆಯನ್ನು ತೋರಿಸಿದೆನು. ಆಗ ಆ ಕತ್ತಲೆಯ ಚೌಕದಿಂದ ಒಂದು ಧ್ವನಿಯು ಬಂದಿತು: “ಮೊದಲು ಒಗಟು ಹೇಳುತ್ತೇನೆ, ಆಮೇಲೆ ತೋರಿಸುತ್ತೇನೆ. ಬಾಯಿಲ್ಲದವನಿಗೆ ಹದಿನಾಲ್ಕು ಹೊಟ್ಟೆ. ಎಷ್ಟು ಹೊತ್ತು ಉಂಡರೂ ತುತ್ತು ತೀರದು. ಏನು?” ವಿದ್ವಾನ್ ಪರೀಕ್ಷೆಯಾದವರು ನಾಲ್ವರಿದ್ದೆವು. ಅಲಂಕಾರವನ್ನು ಹುಡುಕಿದೆವು, ಶ್ಲೇಷವನ್ನು ಹುಡುಕಿದೆವು. ಹದಿನಾಲ್ಕು ಲೋಕಗಳಿರಬಹುದೆಂದು ಒಬ್ಬನು ಹೇಳಿದನು. ಉತ್ತರ ಬರಲಿಲ್ಲ. ಊರನ್ನು ಬಿಟ್ಟುಕೊಡಿರೆಂದನು, ಕೋರವನ್ನು ಕೊಟ್ಟೆನು. ಚೌಕವು ಬೆಳಗಿತು. ನರೆತ ಮೀಸೆಯ ಮುಖ, ಅದರ ಕೆಳಗೆ ಎರಡು ಕೈಗಳಲ್ಲಿ ಹಿಡಿದ ಅಳಗುಳಿಮಣೆ, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಅವುಗಳಲ್ಲಿ ಹುಣಸೆಬೀಜ. ಅದು ಅವನ ತಾಯಿಯದು. ಪಾಠಶಾಲೆಯಿಂದ ಹಿಂದಿರುಗಿದ ವಾರ ಯಾರೊಡನೆಯೂ ಮಾತನಾಡದೆ ಕುಳಿತಿದ್ದ ಅವನ ಮುಂದೆ ತಾಯಿಯು ಇದನ್ನು ತಂದಿಟ್ಟು, ಒಂದು ಮಾತನ್ನೂ ಕೇಳದೆ ಬೀಜಗಳನ್ನು ಹಂಚಿದಳಂತೆ.

ಆಮೇಲೆ ಅವನು ನನ್ನ ಹೆಸರನ್ನು ಹಿಡಿದು ಕರೆದು, ನಗುತ್ತಲೇ, “ಆ ಥಕಾರ ಇನ್ನೂ ನಿನ್ನ ಹತ್ತಿರವೇ ಇದೆಯೇನಯ್ಯಾ?” ಎಂದು ಕೇಳಿದನು. ನಾನು ಹೇಳಬೇಕಾದುದನ್ನು ಹೇಳಲು ಬಾಯಿ ತೆರೆದೆನು. ಅಷ್ಟರಲ್ಲಿ ನಲವತ್ತು ನಿಮಿಷ ತೀರಿ ಸಭೆಯು ಮುಚ್ಚಿಹೋಯಿತು. ಆ ಸಂಜೆಯೇ ಅವನಿಗೆ ಫೋನು ಮಾಡಿ ಕ್ಷಮೆಯನ್ನು ಬೇಡಿದೆನು. ಅವನು ಕೊಬ್ಬರಿಯ ಧಾರಣೆಯ ಮಾತೆತ್ತಿದನು; ಅರ್ಧಗಂಟೆ ಮಾತನಾಡಿದೆವು.

ಈಗ ಜನರು ಮೊದಲಿನಂತೆ ಓಡಾಡುತ್ತಿದ್ದರೂ ನಮ್ಮ ಕೂಟವು ತಿಂಗಳಿಗೊಮ್ಮೆ ನಡೆಯುತ್ತಿದೆ. ಮೊದಲು ಒಗಟು, ಅದೂ ಕೊಬ್ಬರಿಯವನಿಂದಲೇ. ಬಳಿಕ ಅಂತ್ಯಾಕ್ಷರಿ, ಕನ್ನಡದ ಪದ್ಯಗಳಾದರೂ ಸರಿ, ಸಿನಿಮಾದ ಹಾಡುಗಳಾದರೂ ಸರಿ. ಥಕಾರವು ಬಂದರೆ ತಕಾರದಿಂದಲೂ, ಠಕಾರವು ಬಂದರೆ ಟಕಾರದಿಂದಲೂ ಆರಂಭಿಸಬಹುದೆಂದು ನಿಯಮವನ್ನು ತಿದ್ದಿಕೊಂಡಿದ್ದೇವೆ. ಪುಣೆಯವನು ಮಾತ್ರ ಇದು ಶಾಸ್ತ್ರವಿರುದ್ಧವೆಂದು ಇನ್ನೂ ಒಪ್ಪಿಕೊಂಡಿಲ್ಲ.